ಮಹಡಿ ಕೋಣೆಯ ರೆಕಾರ್ಡಿಂಗ್ ಸ್ಟುಡಿಯೊ: ಗುಂಯ್‌ಗುಡದ ಲೈಟು ಯಾವುದು?

ಮುಚ್ಚಿಗೆಕೋಣೆ (ಸಾಗರ ತಾಲೂಕು)

ಹಳೆ ಮನೆಯ ಮಹಡಿಯಲ್ಲಿ ಒಂದು ಕೋಣೆಯನ್ನು ರೆಕಾರ್ಡಿಂಗಿಗೆ ಅಂತ ಬಿಟ್ಟಿದ್ದೇವೆ. ಅಗಲ 10 ಅಡಿ, ಉದ್ದ 12 ಅಡಿ, ಎತ್ತರ 9 ಅಡಿ. ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಮಂಗಳೂರು ಹೆಂಚು. ಗೋಡೆಗೆ ಸದ್ದು ಹೀರುವ ರಾಕ್‌ವುಲ್ ಪ್ಯಾನೆಲ್ ಕೂರಿಸಿ ಕಡು ಬಣ್ಣದ ಬಟ್ಟೆ ಹೊದಿಸಿ ಆಗಿದೆ. ಮುಖ್ಯವಾಗಿ ಗಮಕ ವಾಚನ, ವ್ಯಾಖ್ಯಾನ, ಭಾಗವತಿಕೆ, ಕೊಳಲು. ಆಗೀಗ ಎಲೆಕ್ಟ್ರಿಕ್ ಗಿಟಾರ್. ಒಂದು ಕಂಡೆನ್ಸರ್ ಮೈಕ್, ಒಂದು ಡೈನಮಿಕ್ ಮೈಕ್, ಎರಡು ಚಾನೆಲ್ಲಿನ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ) ಇದೆ. ಅದೇ ಕೋಣೆಯಲ್ಲಿ ವಿಡಿಯೊ ಕೂಡ ತೆಗೆಯಬೇಕು.

ಈಗಿರುವ ಲೈಟು: ತಾಮ್ರದ ಚೋಕಿನ ಹಳೆ ಟ್ಯೂಬ್‌ಲೈಟ್ ಒಂದು, ರಿಮೋಟಿನಲ್ಲಿ ಬೆಳಕು ಕಡಿಮೆ ಮಾಡುವ 12 ವೋಲ್ಟಿನ ಎಲ್‌ಇಡಿ ಪಟ್ಟಿ ಒಂದು. ಮೈಕ್ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಏರಿಸಿದರೆ ಹಿನ್ನೆಲೆಯಲ್ಲಿ ಗುಂಯ್ ಅಂತ ಕೇಳುತ್ತದೆ. ಎಲೆಕ್ಟ್ರಿಷಿಯನ್ ಹೇಳುವುದು: ಮುಚ್ಚಿಗೆಗೆ 4 ಇಂಚಿನ ಆರು ತೂತು ಕೊರೆದು ಡೌನ್‌ಲೈಟ್ ಕೂರಿಸೋಣ, ಗೋಡೆಯಲ್ಲಿ ಒಂದು ಡಿಮ್ಮರ್ ಕೊಡೋಣ ಅಂತ. ಹಾಗೆ ಮಾಡಬಹುದಾ? ಎಷ್ಟು ವ್ಯಾಟ್ ಬೇಕು, ಯಾವ ಬಣ್ಣದ ಬೆಳಕು, ಎಲ್ಲಿ ಹಾಕಬೇಕು? ಲೆಕ್ಕದ ಸಮೇತ ಹೇಳಿದರೆ ಉಪಕಾರ.


ಸ್ವರಸ್ಥಾನ (ಭದ್ರಾವತಿ)

ಜಗಲಿಗೋ ಊಟದ ಕೋಣೆಗೋ ಆದರೆ ಅವರು ಹೇಳಿದ್ದು ಸರಿ. ರೆಕಾರ್ಡಿಂಗ್ ಕೋಣೆಗೆ ತೂತೂ ಬೇಡ, ಡಿಮ್ಮರೂ ಬೇಡ.

ಮೊದಲು ತೂತಿನ ವಿಚಾರ. 4 ಇಂಚಿನ ಒಂದು ತೂತು ಅಂದರೆ 81 ಚದರ ಸೆಂ.ಮೀ. ಆರಕ್ಕೆ 486. ನಿಮ್ಮ ಮುಚ್ಚಿಗೆ ಒಟ್ಟು 11 ಚದರ ಮೀಟರ್ ಚಿಲ್ಲರೆ, ಅಂದರೆ ತೂತಿನ ಪಾಲು ನೂರಕ್ಕೆ ಅರ್ಧವೂ ಇಲ್ಲ. ಇಷ್ಟು ಸಣ್ಣದಲ್ಲವಾ ಅನಿಸಬಹುದು. ಆದರೆ ಸದ್ದು ಲೆಕ್ಕ ಹಾಕುವುದೇ ಬೇರೆ ಥರ: ಅಷ್ಟು ಜಾಗ ತೆರೆದಿದ್ದರೆ, ಉಳಿದ ಮುಚ್ಚಿಗೆಯನ್ನು ಎಷ್ಟೇ ಗಟ್ಟಿ ಮಾಡಿದರೂ ಒಟ್ಟು ತಡೆ 23–24 ಡೆಸಿಬೆಲ್ ದಾಟುವುದಿಲ್ಲ. ಡೌನ್‌ಲೈಟಿನ ತೆಳು ತಗಡು ಅದನ್ನು ಪೂರ್ತಿ ಮುಚ್ಚುವುದಿಲ್ಲ. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಅಡ್ಡ ನಿಂತಿರುವುದು ನಿಮ್ಮಲ್ಲಿ ಆ ಮುಚ್ಚಿಗೆ ಒಂದೇ. ಅದನ್ನು ಕೊರೆಯಬೇಡಿ. ಲೈಟು ಮೇಲ್ಮೈಗೆ ಅಂಟಿಕೊಂಡಿರಲಿ, ವೈರು ಒಳಗೆ ಬರುವ ಒಂದೇ ತೂತಿನ ಸುತ್ತ ಸಿಲಿಕೋನ್ ತುಂಬಿ.

ಈಗ ಡಿಮ್ಮರ್. ಗೋಡೆಯ ಡಿಮ್ಮರ್ ವೋಲ್ಟೇಜನ್ನು ಮೆಲ್ಲಗೆ ಇಳಿಸುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುವ ಅಲೆ. ಅದರ ಪ್ರತಿ ಅರ್ಧದಲ್ಲೂ ಡಿಮ್ಮರ್ ಸ್ವಲ್ಪ ಹೊತ್ತು ಕರೆಂಟು ತಡೆಹಿಡಿದು ಆಮೇಲೆ ಫಕ್ಕನೆ ಬಿಡುತ್ತದೆ. ಸೆಕೆಂಡಿಗೆ ಇಂಥ 100 ಹೊಡೆತ. ಹೊಡೆತ ಚೂಪಾಗಿರುವುದರಿಂದ 100 ಹರ್ಟ್ಸ್‌ನಲ್ಲಿ ಮಾತ್ರವಲ್ಲ, ಮೇಲೆ ಹಲವು ಸಾವಿರ ಹರ್ಟ್ಸ್ ತನಕ ಬಾಚಣಿಗೆ ಹಲ್ಲಿನ ಹಾಗೆ ಸದ್ದು ಹರಡುತ್ತದೆ. ಅದಕ್ಕೇ ಅದು ಗುಂಯ್ ಅನ್ನದೆ ಜರ್ರ್ ಅನ್ನುವುದು. ಅರ್ಧಕ್ಕೆ ತಿರುಗಿಸಿದಾಗ ಕಾಟ ಅತಿ ಹೆಚ್ಚು, ಏಕೆಂದರೆ ಆಗ ಅಲೆ ತನ್ನ ತುದಿಯಲ್ಲಿ, 325 ವೋಲ್ಟ್ ಹತ್ತಿರ, ಇರುವಾಗಲೇ ಬಾಗಿಲು ತೆರೆಯುತ್ತದೆ. ಗಿಟಾರಿನ ಪಿಕಪ್ (ತಂತಿಯ ಅದುರನ್ನು ಹಿಡಿಯುವ ಕಾಂತ, ಸುರುಳಿ), ಡೈನಮಿಕ್ ಮೈಕಿನ ಸುರುಳಿ, ಎರಡೂ ಇದನ್ನು ಆಂಟೆನಾ ಹಾಗೆ ಹಿಡಿಯುತ್ತವೆ.

ಇದೇ ಮಾತು ಫ್ಯಾನ್ ರೆಗ್ಯುಲೇಟರಿಗೂ ಅನ್ವಯ. ತಡೆಯಿಲ್ಲದೆ ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಈ ಜಾತಿಯದ್ದೇ. ಟಕ್ ಟಕ್ ಅಂತ ನಾಲ್ಕೈದು ಹಂತ ಇರುವ ಕೆಪಾಸಿಟರ್ ರೆಗ್ಯುಲೇಟರ್ ಅಲೆಯನ್ನು ಕತ್ತರಿಸುವುದಿಲ್ಲ. ಅದಾದರೆ ಇಟ್ಟುಕೊಳ್ಳಬಹುದು.

ಹಾಗಾದರೆ ಬೆಳಕು ಕಡಿಮೆ ಬೇಕಾದಾಗ? ಲೈಟನ್ನು ಎರಡು ಮೂರು ಭಾಗ ಮಾಡಿ ಬೇರೆ ಬೇರೆ ಸ್ವಿಚ್ ಕೊಡಿ. ಒಂದು ಸಾಲು ಆರಿಸಿದರೆ ಅರ್ಧ ಬೆಳಕು. ಇದಕ್ಕಿಂತ ನಿಶ್ಶಬ್ದದ ಡಿಮ್ಮರ್ ಇನ್ನೊಂದಿಲ್ಲ.

ಎಷ್ಟು ಬೆಳಕು ಅನ್ನುವ ಲೆಕ್ಕ. ಇಡೀ ಕೋಣೆಗೆ 150 ಲಕ್ಸ್ (ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕಿನ ಅಳತೆ) ಸಾಕು, ಓದುವ ಪುಟದ ಮೇಲೆ 300 ಇರಲಿ. ಕೋಣೆ 11.15 ಚದರ ಮೀಟರ್. ಕಡು ಬಟ್ಟೆ, ಮರದ ಮುಚ್ಚಿಗೆ ಎರಡೂ ಬೆಳಕು ನುಂಗುವುದರಿಂದ ಲೈಟಿನಿಂದ ಹೊರಟದ್ದರಲ್ಲಿ ನೂರಕ್ಕೆ 40ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ ಅಂತ ಇಟ್ಟುಕೊಳ್ಳಿ. 11.15 × 150 ÷ 0.4 = ಸುಮಾರು 4,200 ಲ್ಯೂಮೆನ್ (ಲೈಟಿನಿಂದ ಹೊರಡುವ ಒಟ್ಟು ಬೆಳಕು).

ಇದಕ್ಕೆ ನನ್ನ ಆಯ್ಕೆ 24 ವೋಲ್ಟಿನ ಎಲ್‌ಇಡಿ ಪಟ್ಟಿ, ಮೀಟರಿಗೆ 9.6 ವ್ಯಾಟಿನದ್ದು, ಬಿಳಿ ಮುಚ್ಚಳವಿರುವ ಅಲ್ಯೂಮಿನಿಯಂ ಚಾನೆಲ್ಲಿನೊಳಗೆ. ಮುಚ್ಚಳ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚೇ ಬೆಳಕು ತಿಂದು ಮೀಟರಿಗೆ 700 ಲ್ಯೂಮೆನ್ ಉಳಿಯುತ್ತದೆ. 6 ಮೀಟರ್ ಬೇಕು: 12 ಅಡಿ ಉದ್ದದ ದಿಕ್ಕಿನಲ್ಲಿ 3 ಮೀಟರಿನ ಎರಡು ಸಾಲು, ಗೋಡೆಯಿಂದ ಎರಡೂವರೆ ಅಡಿ ಒಳಗೆ, ಕೆಳಮುಖವಾಗಿ. ಮುಚ್ಚಿಗೆಗೆ ಬೆಳಕು ಬಿಟ್ಟು ಪ್ರತಿಫಲನ ಪಡೆಯೋಣ ಅಂತ ಮೇಲ್ಮುಖ ಹಾಕಬೇಡಿ. ಸುಣ್ಣ ಬಳಿದ ತಾರಸಿಗೆ ಅದು ಚಂದ, ಹಳೆ ಮರಕ್ಕೆ ಹಾಕಿದರೆ ಮುಕ್ಕಾಲು ಬೆಳಕು ಅಲ್ಲೇ ಮುಗಿಯುತ್ತದೆ.

ಒಟ್ಟು 57.6 ವ್ಯಾಟ್. ಎಸ್‌ಎಂಪಿಎಸ್ (230 ವೋಲ್ಟ್ ಕರೆಂಟನ್ನು 24 ವೋಲ್ಟ್ ಡಿಸಿ ಮಾಡಿಕೊಡುವ ಡಬ್ಬಿ) ಮೇಲೆ ನೂರಕ್ಕೆ 80ಕ್ಕಿಂತ ಹೆಚ್ಚು ಹೊರೆ ಬೇಡ, ಅಂದರೆ ಕನಿಷ್ಠ 72 ವ್ಯಾಟ್. ಸಲೀಸಾಗಿ ಸಿಗುವ 100 ವ್ಯಾಟಿನದ್ದು ತನ್ನಿ. ಒಳಗೆ ಸಣ್ಣ ಫ್ಯಾನ್ ಇಲ್ಲದ್ದು ಅಂತ ಕೇಳಿ ತನ್ನಿ. ಅದನ್ನು ಕೋಣೆಯ ಹೊರಗೆ, ಪ್ಯಾಸೇಜಿನ ಗೋಡೆಗೆ ಹಾಕಿ. ಇಡೀ ವ್ಯವಸ್ಥೆಯ ಗುಟ್ಟು ಇಷ್ಟೇ: ಗಲಾಟೆ ಮಾಡುವ ಡಬ್ಬಿ ಹೊರಗೆ, ಸದ್ದಿಲ್ಲದ ಡಿಸಿ ಮಾತ್ರ ಒಳಗೆ. ಬಲ್ಬಿನಲ್ಲಿ, ಸಾಮಾನ್ಯ ಎಲ್‌ಇಡಿ ಟ್ಯೂಬಿನಲ್ಲಿ ಡ್ರೈವರ್ (ಕರೆಂಟನ್ನು ಎಲ್‌ಇಡಿಗೆ ಹೊಂದಿಸಿ ಕೊಡುವ ಭಾಗ) ಅದರ ಹೊಟ್ಟೆಯೊಳಗೇ ಇರುತ್ತದೆ, ಹೊರಗಿಡುವ ದಾರಿಯಿಲ್ಲ.

12 ವೋಲ್ಟ್ ಏಕೆ ಬೇಡ ಅಂದರೆ, 1.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 8 ಮೀಟರ್ ದೂರ ಒಯ್ದರೆ ಹೋಗಿ ಬರುವ ದಾರಿ 16 ಮೀಟರ್, ತಡೆ 0.19 ಓಮ್. 24 ವೋಲ್ಟಿನಲ್ಲಿ 2.4 ಆಂಪಿಯರ್ ಹರಿದು ಅರ್ಧ ವೋಲ್ಟಿಗಿಂತ ಕಡಿಮೆ ಸೋರುತ್ತದೆ, ಅಂದರೆ ನೂರಕ್ಕೆ 2. ಅದೇ ಬೆಳಕಿಗೆ 12 ವೋಲ್ಟಾದರೆ 4.8 ಆಂಪಿಯರ್, ಸೋರಿಕೆ 0.93 ವೋಲ್ಟ್, ನೂರಕ್ಕೆ 8. ಇಡೀ ಪಟ್ಟಿ ಮಂಕಾಗುತ್ತದೆ.

ಹೊಸದು ತರುವ ಮುಂಚೆ ಈಗಿರುವುದನ್ನು ಪರೀಕ್ಷೆ ಮಾಡಿ. ಗಮಕಕ್ಕೆ ಇಡುವಷ್ಟೇ ಗೇನ್ ಇಟ್ಟು, ಯಾರೂ ಮಾತಾಡದೆ, ತಲಾ 30 ಸೆಕೆಂಡ್ ರೆಕಾರ್ಡ್ ಮಾಡಿ: ಎಲ್ಲ ಆರಿಸಿ ಒಮ್ಮೆ, ಟ್ಯೂಬ್ ಮಾತ್ರ, ಪಟ್ಟಿ ಪೂರ್ತಿ ಬೆಳಕಿನಲ್ಲಿ, ಪಟ್ಟಿ ಅರ್ಧ ಬೆಳಕಿನಲ್ಲಿ. ಮೈಕಿನಲ್ಲೂ ಗಿಟಾರಿನಲ್ಲೂ. ಆಮೇಲೆ ಸಾಫ್ಟ್‌ವೇರಿನ ಸ್ಪೆಕ್ಟ್ರಮ್ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದು ಅಂತ ತೋರಿಸುವ ನಕ್ಷೆ) ತೆರೆದು ಯಾವ ಹರ್ಟ್ಸ್‌ನಲ್ಲಿ ಗೆರೆ ಎದ್ದಿದೆ ಅಂತ ಬರೆಯಿರಿ. ಕಿವಿಗೆ ಎಲ್ಲವೂ ಗುಂಯ್ ಒಂದೇ. ಸಂಖ್ಯೆ ಇದ್ದರೆ ಕಳ್ಳ ಯಾರು ಅಂತ ಹೇಳಬಹುದು.


ಫೇಸ್‌ನ್ಯೂಟ್ರಲ್ (ತೀರ್ಥಹಳ್ಳಿ)

ಮೇಲಿನವರು ಹೇಳಿದ್ದಕ್ಕೆ ವೈರಿಂಗ್ ಕಡೆಯಿಂದ ಸೇರಿಸುತ್ತೇನೆ.

ಹಳೆ ಮನೆ ಅಂದಿರಿ, ಹಾಗಾಗಿ ಮೊದಲು ನೋಡಬೇಕಾದ್ದು ಅರ್ತಿಂಗ್ ಮಾರಾಯ್ರೆ. ಮೂರು ಪಿನ್ನಿನ ಸಾಕೆಟ್ ಇದೆ ಅಂದ ಮಾತ್ರಕ್ಕೆ ಮೂರನೇ ತೂತಿನ ಹಿಂದೆ ವೈರು ಇದೆ ಅಂತಲ್ಲ. ಫೇಸಿಗೂ ಅರ್ತಿಗೂ ನಡುವೆ ಮೀಟರ್ ಇಟ್ಟರೆ ಫೇಸ್–ನ್ಯೂಟ್ರಲ್ ನಡುವೆ ಬಂದಷ್ಟೇ ಬರಬೇಕು. ನ್ಯೂಟ್ರಲ್–ಅರ್ತ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಗುಂಡಿ ಒಣಗಿರಬಹುದು ಅಥವಾ ಜಾಯಿಂಟ್ ತುಕ್ಕು ಹಿಡಿದಿರಬಹುದು. ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಚೆನ್ನಾಗಿ ಅರ್ತ್ ಕೊಡುತ್ತದೆ, ಏಪ್ರಿಲ್ ಬಂತು ಅಂದರೆ ಒಣಗಿ ಕೈಕೊಡುತ್ತದೆ. ಅಳತೆ ಮಾಡುವುದಾದರೆ ಬೇಸಿಗೆಯಲ್ಲೇ ಮಾಡಿ. 5 ಓಮ್ ಒಳಗೆ ಬಂದರೆ ಒಳ್ಳೆಯದು.

ಲೈಟಿಗೂ ಆಡಿಯೊಗೂ ಮೇನ್ ಬೋರ್ಡಿನಿಂದಲೇ ಬೇರೆ ಬೇರೆ ಲೈನ್ ಎಳೆಸಿ. ಲೈಟಿಗೆ 1.5 ಚದರ ಮಿ.ಮೀ. ವೈರು, 6 ಆಂಪಿಯರ್ ಎಂಸಿಬಿ. ಆಡಿಯೊ ಸಾಕೆಟ್ಟುಗಳಿಗೆ 2.5ರ ವೈರು, 16 ಆಂಪಿಯರ್ ಎಂಸಿಬಿ. ಎರಡಕ್ಕೂ ಮುಂದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್). ಕಂಪ್ಯೂಟರ್, ಇಂಟರ್‌ಫೇಸ್, ಸ್ಪೀಕರ್ ಮೂರೂ ಒಂದೇ ಬೋರ್ಡಿನಿಂದ ಕರೆಂಟು ತೆಗೆದುಕೊಳ್ಳಲಿ. ಒಂದು ಇಲ್ಲಿ, ಇನ್ನೊಂದು ಎದುರು ಗೋಡೆಯಲ್ಲಿ ಅಂತ ಚುಚ್ಚಿದರೆ ಅರ್ತಿಗೆ ಎರಡು ದಾರಿಯಾಗಿ 50 ಹರ್ಟ್ಸ್ ಗುಂಯ್ ಶುರುವಾಗುತ್ತದೆ, ಆಮೇಲೆ ಲೈಟಿನ ಮೇಲೆ ಸುಮ್ಮನೆ ಅಪವಾದ.

ಎಸ್‌ಎಂಪಿಎಸ್‌ನ ಅರ್ತ್ ತಿರುಪಿಗೆ ಹಸಿರು ವೈರು ಕೊಡಲೇಬೇಕು. ಒಳಗಿನ ಫಿಲ್ಟರ್ ತನ್ನ ಗಲಾಟೆಯನ್ನು ಕಳಿಸುವುದೇ ಆ ದಾರಿಯಲ್ಲಿ. ಅದನ್ನು ಹಾಗೇ ಬಿಟ್ಟರೆ ತಗಡಿನ ಮೈ ಮುಟ್ಟಿದಾಗ ಜುಮ್ ಅನ್ನುತ್ತದೆ, ಗಲಾಟೆ ಡಿಸಿ ವೈರಿನ ಜೊತೆಗೇ ಕೋಣೆಯೊಳಗೆ ಬರುತ್ತದೆ.

ಮೈಕ್ ಕೇಬಲ್ಲಿನ ಜೊತೆ ಲೈಟಿನ ವೈರು ಒಂದೇ ಪೈಪಿನಲ್ಲಿ ಹೋಗಬಾರದು. ಅಕ್ಕಪಕ್ಕ ಹೋಗುವುದಾದರೆ ಒಂದಡಿ ಅಂತರ, ದಾಟಲೇಬೇಕಾದರೆ ಕತ್ತರಿಯ ಹಾಗೆ ಅಡ್ಡ ದಾಟಿಸಿ. ಡಿಸಿಯ ಎರಡು ವೈರನ್ನು ಹಗ್ಗದ ಹಾಗೆ ಹೊಸೆದು ಒಯ್ಯಿರಿ, ಆಗ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ರದ್ದು ಮಾಡುತ್ತದೆ.

ಸ್ವಿಚ್ ಫೇಸಿನಲ್ಲೇ ಇರಬೇಕು. ಹಳೆ ಮನೆಗಳಲ್ಲಿ ನ್ಯೂಟ್ರಲ್‌ಗೆ ಸ್ವಿಚ್ ಹಾಕಿರುವುದು ಬಹಳ. ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಿಣುಕು ಮಿಣುಕು ಉರಿಯುತ್ತಿದ್ದರೆ ಇದೇ ಕಾರಣ ಇರಬಹುದು, ಅಥವಾ ಸ್ವಿಚ್ಚಿನೊಳಗಿನ ಕೆಂಪು ಇಂಡಿಕೇಟರ್. ನ್ಯೂಟ್ರಲ್ ಆರಿಸಿದರೆ ಲೈಟು ಆರಿದಂತೆ ಕಂಡರೂ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ, ಕೈ ಹಾಕಿದವರ ಗತಿ ನೋಡಿ.

ಇನ್ವರ್ಟರ್ ಇದೆಯಾ ಅಂತ ನೀವು ಬರೆದಿಲ್ಲ. ಮಲೆನಾಡಿನಲ್ಲಿ ಮಳೆಗಾಲ ಅಂದರೆ ಮರ ಬೀಳುವುದು, ಲೈನ್ ಹೋಗುವುದು ಇದ್ದದ್ದೇ. ಇನ್ವರ್ಟರ್ ಚೌಕ ಅಲೆಯದ್ದಾದರೆ ಕರೆಂಟು ಹೋದ ಕ್ಷಣದಿಂದ ಎಲ್ಲ ಚೋಕು, ಎಲ್ಲ ಫ್ಯಾನು ಒರಲುತ್ತವೆ, ನೀವು ಲೈಟಿಗೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಸೈನ್ ವೇವ್ ಅಂತ ಬರೆದಿರುವುದನ್ನೇ ನೋಡಿ. ಜೊತೆಗೆ ಮೇನ್ ಬೋರ್ಡಿಗೆ ಒಂದು ಸರ್ಜ್ ಅರೆಸ್ಟರ್ (ಸಿಡಿಲಿಗೆ ಲೈನಿನಲ್ಲಿ ಏರಿ ಬರುವ ವೋಲ್ಟೇಜ್ ತಡೆಯುವುದು). ಏಪ್ರಿಲ್–ಮೇ ಗುಡುಗಿನ ಮಳೆಯಲ್ಲಿ ಮೊದಲು ಸಾಯುವುದು ಎಲ್‌ಇಡಿ ಡ್ರೈವರುಗಳು.


ಬೆಳಕಿನಕಿಂಡಿ (ಶಿವಮೊಗ್ಗ)

ವಿಡಿಯೊ ಕೂಡ ಅಂದಿದ್ದೀರಲ್ಲ, ಆ ಮಾತು ಇನ್ನೂ ಯಾರೂ ಎತ್ತಿಲ್ಲ.

ಎಲ್‌ಇಡಿ ಪಟ್ಟಿ ಕೊಳ್ಳುವಾಗ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಂಕ) 90 ಅಥವಾ ಮೇಲಿನದ್ದು ಕೇಳಿ. 80ರದ್ದರಲ್ಲಿ ಮುಖದ ಮೈಬಣ್ಣ ಬೂದಿ ಬಡಿದ ಹಾಗೆ ಬರುತ್ತದೆ, ಕೆಂಪು ಶಾಲು ಕಂದಾಗುತ್ತದೆ. ಬಣ್ಣ 4000 ಕೆಲ್ವಿನ್ ಇರಲಿ. ಮುಖ್ಯವಾದದ್ದು ಕೋಣೆಯಲ್ಲಿ ಉರಿಯುವ ಎಲ್ಲವೂ ಒಂದೇ ಬಣ್ಣದ್ದಾಗಿರಬೇಕು. ಮೇಲೆ 6500ರ ಬಿಳಿ, ಪಕ್ಕದಲ್ಲಿ 2700ರ ಹಳದಿ ಇಟ್ಟರೆ ಕ್ಯಾಮೆರಾದ ಬಿಳಿ ಸಮತೋಲನಕ್ಕೆ ಯಾವುದನ್ನು ನಂಬಬೇಕು ಅಂತ ತಿಳಿಯದೆ ಮುಖದ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ.

ಮಿನುಗು ಇನ್ನೊಂದು. ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣದು, ಕ್ಯಾಮೆರಾದಲ್ಲಿ ಅಡ್ಡ ಪಟ್ಟೆ ಜಾರುತ್ತದೆ. ಕೊಳ್ಳುವ ಅಂಗಡಿಯಲ್ಲೇ ನೋಡಬಹುದು: ಫೋನಿನ ಸ್ಲೋಮೋಷನ್ ಹಾಕಿ ಲೈಟಿನತ್ತ ಹಿಡಿಯಿರಿ, ಬೆಳಕು ಉಸಿರಾಡಿದ ಹಾಗೆ ಏರಿಳಿದರೆ ಬೇಡ. ಫೋನ್ ಬೇಡ ಅಂದರೆ ಲೈಟಿನ ಕೆಳಗೆ ಪೆನ್ನನ್ನು ಬೀಸಣಿಗೆ ಹಾಗೆ ಜೋರಾಗಿ ಆಡಿಸಿ. ಒಂದು ಮಸುಕು ಕಂಡರೆ ಸರಿ, ನಾಲ್ಕೈದು ಬಿಡಿ ಬಿಡಿ ಪೆನ್ನು ಕಂಡರೆ ಮಿನುಗುತ್ತಿದೆ ಅಂತಲೇ.

ಕ್ಯಾಮೆರಾದಲ್ಲಿ 25 ಫ್ರೇಮ್, ಷಟರ್ 1/50. ಫೋನಿನಲ್ಲಿ 30 ಫ್ರೇಮ್ ಮಾತ್ರ ಇದ್ದರೂ ಷಟರ್ 1/50 ಅಥವಾ 1/100 ಇಡಿ. 1/60 ಅನ್ನುವುದು 60 ಹರ್ಟ್ಸ್ ಕರೆಂಟಿನ ದೇಶಗಳ ಲೆಕ್ಕ, ಅಲ್ಲಿನ ವಿಡಿಯೊ ನೋಡಿ ಕಲಿತವರು ಇಲ್ಲೂ ಅದನ್ನೇ ಇಟ್ಟು ಪಟ್ಟೆ ಬಂತು ಅಂತ ಪರದಾಡುತ್ತಾರೆ.

ಮೇಲಿನ ಎರಡು ಸಾಲಿನಿಂದ ಮಾತ್ರ ವಿಡಿಯೊ ಆಗದು, ಕಣ್ಣಿನ ಗುಳಿಯಲ್ಲಿ ನೆರಳು ಬೀಳುತ್ತದೆ. ಮುಖದ ಒಂದು ಪಕ್ಕದಿಂದ, 45 ಡಿಗ್ರಿ ಓರೆಯಲ್ಲಿ, ಕಣ್ಣಿಗಿಂತ ಎರಡಡಿ ಎತ್ತರದಲ್ಲಿ ಒಂದು ಮೃದು ಬೆಳಕು ಬೇಕು. ಇದಕ್ಕೆ ಅದೇ 24 ವೋಲ್ಟ್ ಪಟ್ಟಿಯನ್ನು 2 ಅಡಿ × 2 ಅಡಿ ಅಲ್ಯೂಮಿನಿಯಂ ತಗಡಿನ ಮೇಲೆ ಸಾಲಾಗಿ ಅಂಟಿಸಿ (3 ಮೀಟರ್, 29 ವ್ಯಾಟ್), ಅರ್ಧ ಅಡಿ ಮುಂದೆ ಒಗೆದ ಬಿಳಿ ಪಂಚೆಯನ್ನು ಬಿಗಿಯಾಗಿ ಎಳೆದು ಕಟ್ಟಬಹುದು. ತೊಳೆದು ತೊಳೆದು ನುಣುಪಾದ ಹತ್ತಿ ಪಂಚೆ ಬೆಳಕನ್ನು ಬಹಳ ಚೆನ್ನಾಗಿ ಹರಡುತ್ತದೆ. ನೀಲಿ ಹಾಕಿ ಒಗೆದದ್ದು ಮಾತ್ರ ಬೇಡ. ಇದನ್ನೂ ಸೇರಿಸಿದರೆ ಒಟ್ಟು 86 ವ್ಯಾಟ್ ಆಗುತ್ತದೆ, 100 ವ್ಯಾಟಿನ ಎಸ್‌ಎಂಪಿಎಸ್ ಸಾಲದು, 150ರದ್ದು ತನ್ನಿ.

ಗಮಕಿಗಳು ನೆಲದ ಮೇಲೆ ಕೂತು ವ್ಯಾಸಪೀಠದಲ್ಲಿ ಪುಸ್ತಕ ಇಟ್ಟು ಓದುವವರು. ಪುಟಕ್ಕೆ ಬೆಳಕು ಓದುವವರ ಎಡ ಹಿಂಬದಿಯಿಂದ, ಭುಜದ ಮೇಲಿಂದ ಬರಲಿ. ಎದುರಿನಿಂದ ಬಂದರೆ ನುಣುಪು ಕಾಗದ ಹೊಳೆದು ಅಕ್ಷರ ಕಾಣದು, ಓದುವವರು ತಲೆ ಅತ್ತಿತ್ತ ಮಾಡಿದಂತೆಲ್ಲ ಮೈಕಿನಿಂದ ದೂರ ಹತ್ತಿರ ಆಗಿ ದನಿ ಏರಿಳಿಯುತ್ತದೆ. ಶೇಡ್ ಇರುವ 7 ವ್ಯಾಟಿನ ದೀಪ ಎರಡಡಿ ದೂರದಲ್ಲಿದ್ದರೆ 300 ಲಕ್ಸ್ ಆಸುಪಾಸು ಸಿಗುತ್ತದೆ.


ಸ್ವರಸ್ಥಾನ (ಭದ್ರಾವತಿ)

@ಬೆಳಕಿನಕಿಂಡಿ ಒಂದು ತಿದ್ದುಪಡಿ ಮೇಡಂ. ಆ ಓದುವ ದೀಪ ಮೈಕಿನ ಪಕ್ಕದಲ್ಲೇ ಇರುವುದರಿಂದ ಸಾಮಾನ್ಯ ಬಲ್ಬು ಬೇಡ. ಅದರ ಡ್ರೈವರಿಗೂ ಮೈಕಿಗೂ ಎರಡಡಿ ಮಾತ್ರ ಅಂತರ. ಸಣ್ಣ ಡ್ರೈವರಿನ ಕಾಂತಕ್ಷೇತ್ರ ದೂರ ಎರಡುಪಟ್ಟಾದರೆ ಎಂಟನೇ ಒಂದಕ್ಕೆ ಇಳಿಯುತ್ತದೆ, ಹತ್ತಿರ ಬಂದರೆ ಅಷ್ಟೇ ವೇಗದಲ್ಲಿ ಏರುತ್ತದೆ. ಹಾಗಾಗಿ ದೂರದ ದೊಡ್ಡ ಲೈಟಿಗಿಂತ ಹತ್ತಿರದ ಸಣ್ಣ ದೀಪವೇ ಹೆಚ್ಚು ಅಪಾಯ. ಅದೇ 24 ವೋಲ್ಟ್ ಪಟ್ಟಿಯ ಮುಕ್ಕಾಲು ಮೀಟರನ್ನು ಶೇಡಿನೊಳಗೆ ಅಂಟಿಸಿ, ಅದೇ ಎಸ್‌ಎಂಪಿಎಸ್‌ನಿಂದ ಲೈನ್ ಕೊಡುವುದು ವಾಸಿ.


ಮುಚ್ಚಿಗೆಕೋಣೆ (ಸಾಗರ ತಾಲೂಕು)

ಎಲ್ಲರಿಗೂ ಬಹಳ ಧನ್ಯವಾದ. ಹೇಳಿದ ಹಾಗೆ ಪರೀಕ್ಷೆ ಮಾಡಿದ್ದು ಇಲ್ಲಿದೆ.

ಎಲ್ಲ ಆರಿಸಿದಾಗ: ಮೈಕ್ ಸ್ವಚ್ಛ. ಗಿಟಾರಿನಲ್ಲಿ ಸಣ್ಣಗೆ ಗುಂಯ್, ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ.
ಟ್ಯೂಬ್ ಮಾತ್ರ: ಕಂಡೆನ್ಸರ್ ಮೈಕಿನಲ್ಲಿ 100 ಹರ್ಟ್ಸ್ ಗೆರೆ. ಗಿಟಾರಿನಲ್ಲಿ 50 ಮತ್ತು 150.
ಪಟ್ಟಿ ಪೂರ್ತಿ ಬೆಳಕು: ಏನೂ ಇಲ್ಲ.
ಪಟ್ಟಿ ಅರ್ಧ ಬೆಳಕು: ಎರಡರಲ್ಲೂ 1 ಕಿಲೋಹರ್ಟ್ಸ್ ಹತ್ತಿರ ಚೂಪು ಗೆರೆ, ಆಮೇಲೆ 3ರಲ್ಲಿ, 5ರಲ್ಲಿ. 2 ಮತ್ತು 4ರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು.

ಇನ್ನೊಂದು: ಪಟ್ಟಿಯ ಅಡಾಪ್ಟರ್ ವೈರಿಗೆ ಫೆರೈಟ್ ಮಣಿ (ಗಲಾಟೆ ತಡೆಯಲು ವೈರಿನ ಸುತ್ತ ಹಾಕುವ ಕಪ್ಪು ಉಂಗುರ) ಹಾಕಿ ನೋಡಿದೆವು, ಏನೂ ವ್ಯತ್ಯಾಸ ಆಗಲಿಲ್ಲ. ಏಕೆ?


ಸ್ವರಸ್ಥಾನ (ಭದ್ರಾವತಿ)

ಚೆನ್ನಾಗಿ ಅಳೆದಿದ್ದೀರಿ. ಒಂದೊಂದಾಗಿ ನೋಡೋಣ.

ಟ್ಯೂಬಿನಲ್ಲಿ ನಿಮಗೆ ಸಿಕ್ಕಿದ್ದು ಒಂದೇ ಚೋಕಿನ ಎರಡು ಬೇರೆ ಸದ್ದು. ಚೋಕಿನೊಳಗಿನ ಕಬ್ಬಿಣದ ಪಟ್ಟಿಗಳು ಅಲೆಯ ಎರಡೂ ಅರ್ಧದಲ್ಲಿ ಒಂದೊಂದು ಸಲ ಸೆಳೆತಕ್ಕೆ ಸಿಕ್ಕಿ ಸೆಕೆಂಡಿಗೆ 100 ಸಲ ಅದುರುತ್ತವೆ. ಅದು ಗಾಳಿಯಲ್ಲಿ ಬಂದ ನಿಜವಾದ ಸದ್ದು, ಕಂಡೆನ್ಸರ್ ಅದನ್ನು ಕಿವಿಯ ಹಾಗೆ ಕೇಳಿತು. ಗಿಟಾರಿನ ಪಿಕಪ್ ಸದ್ದು ಕೇಳುವುದಿಲ್ಲ, ಕಾಂತಕ್ಷೇತ್ರ ಹಿಡಿಯುತ್ತದೆ. ಅದು 50ರದ್ದು, ಜೊತೆಗೆ ಅದರ ಮೂರುಪಟ್ಟು. ಚೋಕಿನ ಕೆಳಗೆ ರಬ್ಬರ್ ಇಟ್ಟರೆ ಮೊದಲನೆಯದು ತಗ್ಗುತ್ತದೆ, ಎರಡನೆಯದಕ್ಕೆ ಏನೂ ಆಗದು. ಆ ಫಿಟ್ಟಿಂಗನ್ನು ತೆಗೆದುಬಿಡಿ. ಎಲೆಕ್ಟ್ರಾನಿಕ್ ಚೋಕ್ ಹಾಕಿದರೆ 100 ಹರ್ಟ್ಸ್ ಹೋಗಿ ಹತ್ತಾರು ಕಿಲೋಹರ್ಟ್ಸ್ ಗಲಾಟೆ ಬರುತ್ತದೆ, ಕಳ್ಳ ಹೋಗಿ ಕಳ್ಳನ ತಮ್ಮ ಬಂದ ಹಾಗೆ.

ಪಟ್ಟಿಯದ್ದು ರಿಮೋಟ್ ಡಿಮ್ಮರಿನ ಕೆಲಸ. ಅದು ವೋಲ್ಟೇಜ್ ಇಳಿಸುವುದಿಲ್ಲ, ಸೆಕೆಂಡಿಗೆ ಸುಮಾರು 1,000 ಸಲ ಪಟ್ಟಿಯನ್ನು ಪೂರ್ತಿ ಹಚ್ಚಿ ಪೂರ್ತಿ ಆರಿಸುತ್ತದೆ. ಹಚ್ಚಿದ ಕಾಲ, ಆರಿಸಿದ ಕಾಲ ಸಮಸಮ ಇದ್ದಾಗ ಅಂಥ ಚೌಕ ಅಲೆಯಲ್ಲಿ 1, 3, 5 ಹೀಗೆ ಬೆಸ ಪಟ್ಟುಗಳು ಮಾತ್ರ ಇರುತ್ತವೆ. ನಿಮಗೆ 2 ಮತ್ತು 4 ಕಾಣದೇ ಇದ್ದದ್ದು ಅದಕ್ಕೇ. ಕಾಲು ಬೆಳಕಿಗೆ ಇಟ್ಟು ನೋಡಿ, 2 ಕಾಣಿಸಿಕೊಳ್ಳುತ್ತದೆ, 4 ಮಾಯವಾಗೇ ಇರುತ್ತದೆ. ಪೂರ್ತಿ ಬೆಳಕಿನಲ್ಲಿ ಆರಿಸುವುದೇ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಕೊಳಲಿಗೆ ಈ 1 ಕಿಲೋಹರ್ಟ್ಸ್ ಮಹಾ ಕೆಟ್ಟದ್ದು, ನೇರ ಅದರ ಸ್ವರಗಳ ನಡುವೆ ಕೂರುತ್ತದೆ. ಆಮೇಲೆ ಫಿಲ್ಟರ್ ಹಾಕಿ ತೆಗೆದರೆ ಕೊಳಲೂ ಹೋಗುತ್ತದೆ.

ಫೆರೈಟ್ ಮಣಿ ಕೆಲಸ ಮಾಡದ ಕಾರಣ ಇದೇ. ಅದು ತಡೆಯುವುದು ಮೆಗಾಹರ್ಟ್ಸ್ ಮಟ್ಟದ ರೇಡಿಯೊ ಗಲಾಟೆಯನ್ನು. 100 ಹರ್ಟ್ಸ್, 1 ಕಿಲೋಹರ್ಟ್ಸ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೊಸ ಎಸ್‌ಎಂಪಿಎಸ್ ಬಂದ ಮೇಲೆ ಡಿಸಿ ವೈರನ್ನು ಅದರೊಳಗೆ ಮೂರು ನಾಲ್ಕು ಸುತ್ತು ಸುತ್ತಿ ಹಾಕಿ, ಆಗ ಪ್ರಯೋಜನ ಉಂಟು. ಎಸ್‌ಎಂಪಿಎಸ್ ಒಳ್ಳೆಯದೋ ಅಂತ ನೋಡಲು ಹಳೆ ಬ್ಯಾಟರಿ ರೇಡಿಯೊ ಇದ್ದರೆ ಸಾಕು: ಎಎಂ ಬ್ಯಾಂಡಿನಲ್ಲಿ ಯಾವ ನಿಲಯವೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಡಬ್ಬಿಯ ಹತ್ತಿರ ಒಯ್ಯಿರಿ. ಒಂದು ಗೇಣು ಹತ್ತಿರ ಬಂದಾಗ ಮಾತ್ರ ಕಿರುಚಿದರೆ ಪರವಾಗಿಲ್ಲ. ಕೋಣೆಯ ಆ ತುದಿಯಲ್ಲೂ ಕಿರುಚಿದರೆ ವಾಪಸ್ ಕೊಡಿ.

ನುಣ್ಣಗೆ ಬೆಳಕು ಇಳಿಸಲೇಬೇಕು ಅಂದರೆ ಒಂದು ಉಪಾಯ. ತಗಡಿನ ಮೈಯ ಎಸ್‌ಎಂಪಿಎಸ್‌ಗಳಲ್ಲಿ ಹೆಚ್ಚಿನವಕ್ಕೆ ತಿರುಪುಗಳ ಪಕ್ಕ ವೋಲ್ಟೇಜ್ ಹೊಂದಿಸುವ ಸಣ್ಣ ತಿರುಗಣೆ ಇರುತ್ತದೆ, ನೂರಕ್ಕೆ 10ರಷ್ಟು ಮೇಲೆ ಕೆಳಗೆ. 24 ಇದ್ದದ್ದನ್ನು 22ಕ್ಕೆ ಇಳಿಸಿದರೆ ಪಟ್ಟಿಯ ಬೆಳಕು ಗಣನೀಯವಾಗಿ ತಗ್ಗುತ್ತದೆ, ಎಲ್‌ಇಡಿಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಕರೆಂಟು ಬಹಳ ಇಳಿಯುವುದರಿಂದ. ಒಮ್ಮೆ ಹೊಂದಿಸಿ ಬಿಡುವ ಕೆಲಸ ಇದು, ದಿನಾ ತಿರುಗಿಸುವುದಲ್ಲ. ಪಕ್ಕದಲ್ಲೇ 230 ವೋಲ್ಟಿನ ತಿರುಪು ತೆರೆದಿರುತ್ತದೆ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಲ್ಲಿ ಮಾತ್ರ ಮಾಡಿ.

ಎಲ್ಲ ಆರಿಸಿದಾಗಲೂ ಗಿಟಾರಿನಲ್ಲಿ ಉಳಿದ ಗುಂಯ್ ಲೈಟಿನ ತಪ್ಪಲ್ಲ. ತಂತಿ ಮುಟ್ಟಿದಾಗ ಕಡಿಮೆಯಾದರೆ ಅದು ಗೋಡೆಯ ವೈರಿನ ವಿದ್ಯುತ್ ಕ್ಷೇತ್ರ, ಗಿಟಾರಿನ ಒಳಗುಳಿಗೆ ತಾಮ್ರದ ಟೇಪ್ ಹಚ್ಚಿ ಗಿಟಾರಿನದೇ ಗ್ರೌಂಡ್ ವೈರಿಗೆ ಜೋಡಿಸಿದರೆ ಹೋಗುತ್ತದೆ. ಗಿಟಾರನ್ನು ತಿರುಗಿಸಿದಾಗ ಹೆಚ್ಚು ಕಡಿಮೆ ಆದರೆ ಕಾಂತಕ್ಷೇತ್ರ, ಅದಕ್ಕೆ ಟೇಪು ನಾಟದು, ಕೂರುವ ದಿಕ್ಕು ಬದಲಿಸಬೇಕು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಒಮ್ಮೆ ರೆಕಾರ್ಡ್ ಮಾಡಿ, ಬಹಳ ಕಡೆ ಅಲ್ಲೇ ಮುಗಿಯುತ್ತದೆ.

ಫಿಟ್ಟಿಂಗ್ ಆದ ಮೇಲೆ ಇನ್ನೊಂದು ಪರೀಕ್ಷೆ ಬಾಕಿ. ಸ್ಪೀಕರಿನಲ್ಲಿ 30ರಿಂದ 300 ಹರ್ಟ್ಸ್ ತನಕ ನಿಧಾನ ಏರುವ ಸ್ವರವನ್ನು ಜೋರಾಗಿ ಬಿಡಿ. ಎಲ್ಲಾದರೂ ಚಾನೆಲ್ಲು, ಅದರ ಪ್ಲಾಸ್ಟಿಕ್ ಮುಚ್ಚಳ, ಕ್ಲಿಪ್ಪು ಝಣಗುಟ್ಟಿದರೆ ಆ ಜಾಗಕ್ಕೆ ಫೆಲ್ಟ್ ತುಂಡು ತುರುಕಿ. ಭಾಗವತಿಕೆ ಜೊತೆ ಮದ್ದಳೆ, ಚಂಡೆ ಬಂದ ದಿನ ಸಡಿಲ ಇದ್ದದ್ದೆಲ್ಲ ಹಾಡುತ್ತದೆ.


ಕಾಡಂಚು (ಹೊಸನಗರ)

ಹುಳುವಿನ ವಿಚಾರ ಯಾರೂ ಬರೆದಿಲ್ಲ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಬೆಳಕಿಗೆ ಮುತ್ತುತ್ತವೆ. ಕಂಡೆನ್ಸರ್ ಮೈಕಿನ ಜಾಳಿಗೆಗೆ ಒಂದು ಹುಳು ಬಡಿದರೂ ಟೇಕ್ ಹಾಳು. 4000 ಕೆಲ್ವಿನ್‌ಗಿಂತ 2700ರ ಹಳದಿಗೆ ಹುಳು ಕಡಿಮೆ ಬರುತ್ತವೆ, ಏಕೆಂದರೆ ಅವನ್ನು ಸೆಳೆಯುವುದು ನೀಲಿ ಪಾಲು. ಹಾಗಾಗಿ ಎರಡು ಸಾಲೂ 2700 ಹಾಕಿ ಅನ್ನುವುದು ನನ್ನ ಅಭಿಪ್ರಾಯ.


ಬೆಳಕಿನಕಿಂಡಿ (ಶಿವಮೊಗ್ಗ)

@ಕಾಡಂಚು ಹಾಗೆ ಮಾಡುವುದಾದರೆ ಮುಖದ ಬೆಳಕೂ ಓದುವ ದೀಪವೂ 2700 ಆಗಬೇಕು, ಆಗ ಕ್ಯಾಮೆರಾವನ್ನು 2700ಕ್ಕೆ ಹೊಂದಿಸಿದರೆ ತೊಂದರೆಯಿಲ್ಲ. ಆದರೆ ಹಗಲಿನಲ್ಲಿ ಕಿಟಕಿ ಬೆಳಕು ಸೇರಿದರೆ ಹಳದಿ–ನೀಲಿ ಜಗಳ ಶುರು. ಹಗಲು ವಿಡಿಯೊ ಬೇಕಾದವರು 4000 ಇಟ್ಟು, ಹುಳುವಿಗೆ ಪ್ಯಾಸೇಜಿನ ಹೊರಗೆ, ಕೋಣೆಯಿಂದ ದೂರದಲ್ಲಿ ಒಂದು ಬಿಳಿ ಲೈಟು ಹಚ್ಚಿಡುವುದು ಮೇಲು. ಅವು ಅಲ್ಲಿಗೆ ಹೋಗುತ್ತವೆ. ಕಿಟಕಿ ಸಂದಿಗೆ ರಬ್ಬರ್ ಪಟ್ಟಿ ಹಾಕಿದರೆ ಹುಳುವಿಗೂ ಸದ್ದಿಗೂ ಒಟ್ಟಿಗೆ ತಡೆ.


ಕಾಡಂಚು (ಹೊಸನಗರ)

ಸರಿ, ಹಗಲು ವಿಡಿಯೊ ಇದ್ದರೆ ನೀವು ಹೇಳಿದ್ದೇ ಆಗಬೇಕು.

ಇನ್ನು ಥಂಡಿ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲಿಲ್ಲದೆ ಗೋಡೆಗೆ ಬೂಷ್ಟು ಹಿಡಿಯುವ ಊರುಗಳು ನಮ್ಮವು. ಚಾನೆಲ್ಲಿನ ಎರಡೂ ತುದಿಗೆ ಮುಚ್ಚಳ ಹಾಕಿ, ಪಟ್ಟಿಯ ಬೆಸುಗೆ ಜಾಗಕ್ಕೆ ಒಂದು ಹನಿ ಸಿಲಿಕೋನ್. ಒತ್ತಿ ಕೂರಿಸುವ ಕ್ಲಿಪ್ ಕನೆಕ್ಟರ್ ಬೇಡ, ಒಂದೇ ಮಳೆಗಾಲಕ್ಕೆ ಹಸಿರುಗಟ್ಟಿ ಬೆಳಕು ಮಿಟುಕಲು ಶುರುಮಾಡುತ್ತದೆ. ಎಸ್‌ಎಂಪಿಎಸ್ ಡಬ್ಬಿಗೆ ಗಾಳಿ ಕಿಂಡಿ ಕೆಳಗಡೆ ಇರಲಿ, ಅದಕ್ಕೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ. ಜಾಲರಿ ಇಲ್ಲದಿದ್ದರೆ ಹಲ್ಲಿ ಒಳಗೆ ಹೋಗಿ ಶಾರ್ಟ್ ಮಾಡುತ್ತದೆ.

ಮೈಕನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಕಪಾಟಿನಲ್ಲೇ ಇಡುವುದಾದರೆ ತಳದಲ್ಲಿ 15 ವ್ಯಾಟಿನ ಹಳೆ ಫಿಲಮೆಂಟ್ ಬಲ್ಬು ಉರಿಸಿ. ಒಳಗಿನ ಗಾಳಿ ನಾಲ್ಕೈದು ಡಿಗ್ರಿ ಬಿಸಿಯಾದರೂ ತೇವಾಂಶ ಸಾಕಷ್ಟು ಇಳಿಯುತ್ತದೆ. ಎಲ್‌ಇಡಿ ಹಾಕಿದರೆ ಆ ಬಿಸಿ ಬರದು. ಬಲ್ಬಿನ ಸುತ್ತ ಒಂದಡಿ ಏನೂ ಇರಬಾರದು, ಮೈಕಿನ ಫೋಮು, ಬಟ್ಟೆ ಚೀಲ ಮೇಲಿನ ಅರೆಯಲ್ಲಿ ಇರಲಿ. ಒಳಗೆ ಮೈಕಿನ ಹತ್ತಿರ ಒಂದು ತೇವಮಾಪಕ ಇಟ್ಟು ತೇವಾಂಶ ನೂರಕ್ಕೆ 45ರಿಂದ 55ರ ನಡುವೆ ನಿಂತಿದೆಯಾ ನೋಡಿ. 40ಕ್ಕಿಂತ ಕೆಳಗಿಳಿದರೆ ಬಲ್ಬು ಆರಿಸಿ. ಅದೇ ಕಪಾಟಿನಲ್ಲಿ ಕೊಳಲು ಇಡಬೇಡಿ, ಬಿದಿರು ಒಣಗಿ ಸೀಳುತ್ತದೆ.